ಕಣ್ಣಿಲ್ಲದವರಿಗೂ ಗರಡಿಯ ಬಾಗಿಲು ತೆರೆಯಲಿ



ನಮ್ಮ ಆರ್‌ಪಿಸಿ ಲೇಔಟ್, ಅತ್ತಿಗುಪ್ಪೆ, ವಿಜಯನಗರದ ಸುತ್ತಮುತ್ತ ಈಗ ಜಿಮ್‌ಗಳಿಗೆ ಬರವಿಲ್ಲ. ಕಾಲೇಜು ಹುಡುಗರು, ಗೃಹಿಣಿಯರು, ಸಕ್ಕರೆ ಕಾಯಿಲೆ ಬಂದ ಹಿರಿಯರು ಬೆಳಗಾಗುವ ಮೊದಲೇ ಮೆಟ್ಟಿಲು ಹತ್ತುತ್ತಾರೆ. ಅವರ ನಡುವೆ ಬಿಳಿ ಕೋಲು ಹಿಡಿದ ಒಬ್ಬರನ್ನೂ ನಾನು ಕಂಡಿಲ್ಲ. ನನ್ನ ಪರಿಚಯದ ಅಂಧ ಶರಣರೊಬ್ಬರು ಸೇರಲು ಹೋದಾಗ ಜಿಮ್‌ನವರು ಕೇಳಿದ್ದು, "ಜೊತೆಗೆ ಯಾರು ಬರ್ತಾರೆ ಸಾರ್?" ಯಾರೂ ಇಲ್ಲವೆಂದಾಗ, "ಬಿದ್ದು ಗಿದ್ದು ಆದ್ರೆ ನಮ್ಮ ತಲೆಗೆ ಬರುತ್ತೆ" ಎಂದು ಕೈಮುಗಿದರಂತೆ. ಬಾಗಿಲು ಮುಚ್ಚಿದ್ದು ವಿನಯದಿಂದಲೇ. ಆದರೂ ಮುಚ್ಚಿದ ಬಾಗಿಲು ಮುಚ್ಚಿದ್ದೇ.

ಇದನ್ನು ಕನಿಕರದ ಪ್ರಶ್ನೆ ಎಂದುಕೊಳ್ಳಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವನ್ನೂ ಸಾರ್ವಜನಿಕ ಕಟ್ಟಡವೆಂದೇ ಕರೆಯುತ್ತದೆ. ವ್ಯಾಪಾರ, ಮನರಂಜನೆ, ಧಾರ್ಮಿಕ ಚಟುವಟಿಕೆಯ ಕಟ್ಟಡಗಳೆಲ್ಲ ಅದರಲ್ಲಿ ಸೇರಿವೆ. ಅಂದರೆ ಜಿಮ್ಮೂ ಬಂತು, ನಮ್ಮ ಮಠಗಳೂ ಬಂದವು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಇಂಥ ಸೌಕರ್ಯಗಳಿಗೆ ಬರೀ ಸಲಹೆ ಸಾಲದು, ಕಡ್ಡಾಯ ಮಾನದಂಡ ಬೇಕು ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು.

ಅಡ್ಡಿ ಇರುವುದು ಕಣ್ಣಿನಲ್ಲಲ್ಲ, ನಮ್ಮ ಏರ್ಪಾಡಿನಲ್ಲಿ. ಹಳೆಯ ಟ್ರೆಡ್‌ಮಿಲ್ಲಿಗೆ ಒತ್ತುವ ಗುಂಡಿಗಳಿದ್ದವು, ಬೆರಳಿಗೆ ಸಿಗುತ್ತಿದ್ದವು. ಹೊಸತರ ನುಣುಪು ಗಾಜಿನ ಪರದೆಯಲ್ಲಿ ಬೆರಳಿಗೆ ಏನೂ ತಿಳಿಯದು. ಹಾಗಾಗಿ ಗುಂಡಿಗಳಿರುವ ಒಂದು ಯಂತ್ರವನ್ನಾದರೂ ಉಳಿಸಿಕೊಳ್ಳಬೇಕು. ಶುರು ಮಾಡುವ ಗುಂಡಿ, ನಿಲ್ಲಿಸುವ ಗುಂಡಿಗಳ ಮೇಲೆ ಉಬ್ಬು ಚುಕ್ಕೆ ಅಂಟಿಸಬೇಕು. ತೂಕದ ಅಂಕಿ ಮುಟ್ಟಿದರೆ ತಿಳಿಯುವಂತಿರಬೇಕು. ಡಂಬೆಲ್‌ಗಳು ಎತ್ತಿದ ಜಾಗಕ್ಕೇ ಮರಳಬೇಕು. ಓಡಾಡುವ ದಾರಿಯಲ್ಲಿ ಬಿಟ್ಟುಹೋದ ಒಂದು ತಟ್ಟೆ ಸಾಕು, ಕಾಣದವರು ಎಡವಿ ಬೀಳಲು. ಮಂದದೃಷ್ಟಿಯವರಿಗೆ ಮೆಟ್ಟಿಲಿನ ಅಂಚಿಗೂ ಗಾಜಿನ ಬಾಗಿಲಿಗೂ ಹಳದಿ ಪಟ್ಟಿ ಬೇಕು. ಹಾಡಿನ ಸದ್ದು ಸ್ವಲ್ಪ ತಗ್ಗಬೇಕು. ಅವರು ದಾರಿ ತಿಳಿಯುವುದು ಕಿವಿಯಿಂದ.

ಇವೆಲ್ಲಕ್ಕಿಂತ ಮುಖ್ಯವಾದುದು ಟ್ರೇನರ್ ಮಾತು. "ಹೀಗೆ ಮಾಡಿ, ಅಲ್ಲಿಡಿ" ಎಂದರೆ ಕಾಣದವರಿಗೆ ಏನೂ ಹೇಳಿದಂತಾಗಲಿಲ್ಲ. "ಮೊಣಕೈಯನ್ನು ಪಕ್ಕೆಗೆ ತಾಗಿಸಿ, ಮುಂಗೈಯನ್ನು ಭುಜದವರೆಗೆ ಎತ್ತಿ" ಎನ್ನಬೇಕು. ಕೇಳಿ ಒಪ್ಪಿಗೆ ಪಡೆದು ಕೈ ಹಿಡಿದು ತೋರಿಸಬೇಕು. ಮೊದಲ ದಿನ ಇಡೀ ಕೋಣೆಯನ್ನು ಮುಟ್ಟಿಸಿ ಪರಿಚಯ ಮಾಡಿಸಿದರೆ, ಜೊತೆಗಾರರಿಲ್ಲದೆ ಬರುವ ಧೈರ್ಯ ತಾನಾಗಿ ಬರುತ್ತದೆ. ಒಂದು ಎಚ್ಚರವೂ ಇರಲಿ. ಗ್ಲಾಕೋಮಾ ಇರುವವರು, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರು ಉಸಿರು ಬಿಗಿಹಿಡಿದು ಭಾರ ಎತ್ತುವ ಮೊದಲು, ತಲೆಕೆಳಗಾಗುವ ಆಸನ ಹಾಕುವ ಮೊದಲು ಕಣ್ಣಿನ ವೈದ್ಯರನ್ನು ಕೇಳಬೇಕು.

ಅವರಿಂದ ಆದೀತೇ ಎನ್ನುವವರಿಗೆ ನಮ್ಮ ನಾಡೇ ಉತ್ತರ ಕೊಟ್ಟಿದೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದರು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ಜೊತೆಯ ಓಟಗಾರನಿಗೂ ಅವರಿಗೂ ನಡುವೆ ಇದ್ದದ್ದು ಒಂದು ತುಂಡು ದಾರ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತದ ಅಂಧರ ತಂಡ 2012ರಲ್ಲಿ ಇದೇ ಬೆಂಗಳೂರಿನಲ್ಲಿ ಟಿ20 ವಿಶ್ವಕಪ್ ಗೆದ್ದಿತು. 2025ರಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ತಂಡದ ನಾಯಕಿ ದೀಪಿಕಾ ಕೂಡ ಕನ್ನಡತಿ. ಆದರೆ ಎಲ್ಲರೂ ಪದಕ ತರಬೇಕಿಲ್ಲ. ದಿನಾ ಅರ್ಧ ಗಂಟೆ ಮೈ ಬೆವರಿಸುವ ಸಾಮಾನ್ಯ ಹಕ್ಕು ಸಿಕ್ಕರೆ ಸಾಕು.

ಇನ್ನು ಮಠಗಳ ಮಾತು. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಅಂಧ ಮಕ್ಕಳಿಗೆ ಅನ್ನ, ಅರಿವು, ಸಂಗೀತ ಕೊಟ್ಟರು. ಕಣ್ಣಿಲ್ಲದವರನ್ನು ಭಿಕ್ಷೆಯಿಂದ ಕಾಯಕಕ್ಕೆ ತಂದ ಪರಂಪರೆ ಇದು. ಆದರೆ ನಾವು ಅಲ್ಲಿಗೇ ನಿಂತುಬಿಟ್ಟೆವು. ಅಂಧರೆಂದರೆ ಹಾರ್ಮೋನಿಯಂ ಎಂಬುದು ಮನಸ್ಸಿನಲ್ಲಿ ಉಳಿಯಿತು. ಅವರಿಗೂ ತೋಳಿದೆ, ಎದೆಯಿದೆ, ಬೆವರಿದೆ ಎಂಬುದು ಮರೆಯಿತು. ದೇಹವನ್ನೇ ಗುಡಿಯೆಂದು ಕಂಡ ಶರಣರ ಮಕ್ಕಳು ಕೆಲವರ ದೇಹವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಎಲ್ಲಿಯ ಸಮಾನತೆ?

ಪೂಜ್ಯರಲ್ಲಿ ನನ್ನ ಅರಿಕೆ ಇಷ್ಟೆ. ಮಠಗಳ ಪ್ರಸಾದ ನಿಲಯ, ಶಾಲೆ, ಕಾಲೇಜುಗಳಲ್ಲಿ ಗರಡಿ ಮನೆಯೋ ವ್ಯಾಯಾಮ ಶಾಲೆಯೋ ಇದ್ದರೆ ಮೊದಲು ಅಲ್ಲಿಂದ ಆರಂಭವಾಗಲಿ. ಒಬ್ಬ ಅಂಧ ವಿದ್ಯಾರ್ಥಿಯನ್ನು ಕರೆದು, "ಎಲ್ಲಿ ತೊಡಕಾಗುತ್ತದಪ್ಪಾ?" ಎಂದು ಕೇಳಿ, ಅವನು ಹೇಳಿದಂತೆ ಸರಿಪಡಿಸಲಿ. ಖರ್ಚು ಅಷ್ಟೇನೂ ಆಗದು. ಜಿಮ್ ನಡೆಸುವ ಬಂಧುಗಳು ನಮ್ಮ ಓದುಗರಲ್ಲೂ ಇದ್ದೀರಿ. "ಜೊತೆಗೆ ಯಾರು ಬರ್ತಾರೆ?" ಎನ್ನುವ ಬದಲು "ಬನ್ನಿ, ನಾವಿದ್ದೇವೆ" ಎನ್ನಿ. ದಾಸೋಹವೆಂದರೆ ಅದೂ ಹೌದು.



— ಸಂಪಾದಕ