ಬಲೆಗೊಂದು ಬಾಗಿಲು ಬೇಕು

ಚಳಿಗಾಲದ ಕೊನೆಗೆ ಒಡಿಶಾದ ಕಡಲತೀರಕ್ಕೆ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಹಿಂಡುಹಿಂಡಾಗಿ ಬರುತ್ತವೆ. ಗಹಿರ್‌ಮಠದ ದಂಡೆಯಲ್ಲಿ, ಋಷಿಕುಲ್ಯಾ ನದಿಯ ಅಳಿವೆಯಲ್ಲಿ ಮರಳು ತೋಡಿ, ಒಂದೊಂದೂ ನೂರರಷ್ಟು ಮೊಟ್ಟೆಯಿಟ್ಟು, ಗುಂಡಿ ಮುಚ್ಚಿ ಕಡಲಿಗೆ ಮರಳುತ್ತವೆ. 2025ರಲ್ಲಿ ಋಷಿಕುಲ್ಯಾ ಒಂದರಲ್ಲೇ ಸುಮಾರು 7 ಲಕ್ಷ ಆಮೆಗಳು ಮೊಟ್ಟೆಯಿಟ್ಟವೆಂಬುದು ಅರಣ್ಯ ಇಲಾಖೆಯ ಲೆಕ್ಕ. ಸಂತೋಷದ ಸುದ್ದಿಯೇ ಸರಿ. ಆದರೆ ಅದೇ ತೀರಕ್ಕೆ ವರ್ಷವರ್ಷವೂ ಸತ್ತ ಆಮೆಗಳೂ ತೇಲಿಬರುತ್ತವೆ.

ಕಾಯ್ದೆಯಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. 1970ರ ದಶಕದಲ್ಲಿ ಈ ಆಮೆಗಳನ್ನು ಸಾವಿರಗಟ್ಟಲೆ ಹಿಡಿದು ಮಾಂಸಕ್ಕಾಗಿ ಕೋಲ್ಕತ್ತದ ಮಾರುಕಟ್ಟೆಗೆ ಸಾಗಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಕಡಲಾಮೆ ಸೇರಿತು. ಹುಲಿಗಿರುವ ರಕ್ಷಣೆಯೇ ಅದಕ್ಕೂ ದೊರೆಯಿತು. ಕೊಂದವರಿಗೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಸೆರೆವಾಸ. ಕಾವಲು ಬಿಗಿಯಾದ ಮೇಲೆ ಆ ದೊಡ್ಡ ವ್ಯಾಪಾರ ನಿಂತಿತು.

ಈಗ ಆಮೆಯನ್ನು ಕೊಲ್ಲುತ್ತಿರುವುದು ಬೇಟೆಗಾರನಲ್ಲ, ಸೀಗಡಿಗೆಂದು ಬೀಸಿದ ಬಲೆ. ಕಡಲಾಮೆಗೆ ಮೀನಿನಂತೆ ಕಿವಿರುಗಳಿಲ್ಲ, ನಮ್ಮಂತೆ ಶ್ವಾಸಕೋಶಗಳಿವೆ. ಉಸಿರಿಗಾಗಿ ಅದು ಆಗಾಗ ಮೇಲೆ ಬರಲೇಬೇಕು. ಟ್ರಾಲ್ ದೋಣಿ ಗಂಟೆಗಟ್ಟಲೆ ಎಳೆಯುವ ಬಲೆಯೊಳಗೆ ಸಿಕ್ಕಿದರೆ ಉಸಿರುಗಟ್ಟಿ ಸಾಯುತ್ತದೆ. ಕೊಲ್ಲಬೇಕೆಂದು ಯಾರೂ ಬಯಸಿರುವುದಿಲ್ಲ. ಬೇಟೆಗಾರನನ್ನು ಮನಸ್ಸಿನಲ್ಲಿಟ್ಟು ಬರೆದ ಕಾಯ್ದೆ ಇಲ್ಲಿ ಕೈಚೆಲ್ಲುತ್ತದೆ.

ಇದಕ್ಕೊಂದು ಸರಳ ಉಪಾಯವಿದೆ. ಬಲೆಯ ಕೊರಳಿನಲ್ಲಿ ಸರಳುಗಳ ಜಾಲರಿಯೊಂದನ್ನು ಓರೆಯಾಗಿ ಕಟ್ಟುತ್ತಾರೆ. ಸೀಗಡಿ ಸರಳುಗಳ ನಡುವೆ ನುಸುಳಿ ಹಿಂದಿನ ಚೀಲ ಸೇರುತ್ತದೆ. ಆಮೆ ಜಾಲರಿಗೆ ತಾಗಿ, ಪಕ್ಕದ ಕಿಂಡಿಯಿಂದ ಹೊರಗೆ ಜಾರುತ್ತದೆ. ಇದನ್ನು ‘ಟೆಡ್’ ಎನ್ನುತ್ತಾರೆ.

ಒಡಿಶಾದಲ್ಲಿ ನಿಯಮಗಳಿಗೆ ಬರವಿಲ್ಲ. 1997ರಲ್ಲಿ ಗಹಿರ್‌ಮಠದ 1,435 ಚದರ ಕಿಲೋಮೀಟರ್ ಪ್ರದೇಶ ಸಾಗರ ಅಭಯಾರಣ್ಯವಾಯಿತು. ಧಾಮರಾ, ದೇವಿ, ಋಷಿಕುಲ್ಯಾ ಅಳಿವೆಗಳ ಬಳಿ ನವೆಂಬರ್ 1ರಿಂದ ಮೇ 31ರವರೆಗೆ ಕರೆಯಿಂದ 20 ಕಿಲೋಮೀಟರ್ ತನಕ ಮೀನುಗಾರಿಕೆ ನಿಷಿದ್ಧ. ಆದರೆ ಕಡಲಿಗೆ ಬೇಲಿ ಹಾಕಲಾಗದು. ಏಳು ತಿಂಗಳು ದುಡಿಮೆ ನಿಂತರೆ ಸಣ್ಣ ಮೀನುಗಾರನ ಮನೆಯ ಒಲೆ ಉರಿಯುವುದು ಹೇಗೆ? ಕಿಂಡಿಯಿಂದ ಹಿಡಿದ ಮೀನೂ ಹೋದೀತೆಂಬ ಅವನ ಆತಂಕವೂ ಸುಳ್ಳಲ್ಲ. ಅವನ ನಷ್ಟವನ್ನು ಲೆಕ್ಕಕ್ಕೆ ಹಿಡಿಯದ ಕಾಯ್ದೆಯನ್ನು ರಾತ್ರಿಯ ಕಡಲಿನಲ್ಲಿ ಪಾಲಿಸುವವರು ಕಡಿಮೆ. ಹೀಗಾಗಿ ಟೆಡ್‌ನ ಖರ್ಚಿನಲ್ಲಿ ಸರ್ಕಾರದ ಪಾಲು, ನಿಷೇಧದ ತಿಂಗಳುಗಳಿಗೆ ಸಕಾಲದಲ್ಲಿ ಕೈಸೇರುವ ಪರಿಹಾರ, ದೊಡ್ಡ ಟ್ರಾಲರುಗಳ ಮೇಲೆ ನಿಜವಾದ ಕಾವಲು, ಈ ಮೂರೂ ಕಾಯ್ದೆಯ ಅಂಗಗಳೇ ಆಗಬೇಕು.

ನಮ್ಮ ಉತ್ತರ ಕನ್ನಡದ ತೀರದಲ್ಲೂ, ಹೊನ್ನಾವರದ ಕಾಸರಕೋಡಿನಂಥ ಕಡೆ, ಈ ಆಮೆಗಳು ಅಲ್ಲೊಂದು ಇಲ್ಲೊಂದಾಗಿ ಬಂದು ಮೊಟ್ಟೆಯಿಡುತ್ತವೆ. ಇಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ ಜೂನ್, ಜುಲೈ ತಿಂಗಳುಗಳಲ್ಲಿ; ಆಮೆ ಬರುವುದು ಚಳಿಗಾಲದಲ್ಲಿ. ಮಳೆಗಾಲದ ನಿಷೇಧ ಅದರ ಕಷ್ಟಕ್ಕೆ ಒದಗುವುದಿಲ್ಲ. ಮೊಟ್ಟೆಯೊಡೆದ ಮರಿ ಬೆಳಕಿರುವ ಕಡೆಗೆ ಹರಿದಾಡುತ್ತದೆ. ದಂಡೆಯ ಮೇಲಿನ ದೀಪಗಳು ಅದನ್ನು ಕಡಲಿನ ಬದಲು ರಸ್ತೆಯ ಕಡೆಗೆ ಕರೆಯುತ್ತವೆ. ಆ ದೀಪಗಳನ್ನು ಆರಿಸಲು ಮಾತ್ರ ಯಾರ ಒಲೆಯೂ ಆರಬೇಕಿಲ್ಲ.

ಇನ್ನೊಂದು ಮಾತನ್ನು ಮಕ್ಕಳೂ ಹೆತ್ತವರೂ ಗಮನಿಸಬೇಕು. ಹೆಣ್ಣಾಮೆ ಮೊಟ್ಟೆಯಿಡುವ ವಯಸ್ಸಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಇಂದು ದಡಕ್ಕೆ ಬರುವ ಲಕ್ಷಗಳು ಹಿಂದಿನವರ ಕಾವಲಿನ ಫಲ. ಇಂದಿನ ಬಲೆಗಳ ಲೆಕ್ಕ ತಿಳಿಯುವುದು ಈಗ ಪ್ರಾಥಮಿಕ ಶಾಲೆಯಲ್ಲಿರುವವರು ದೊಡ್ಡವರಾದ ಮೇಲೆ. ತಡವಾಯಿತೆಂದು ಆಗ ಗೊತ್ತಾದರೆ ತಿದ್ದಿಕೊಳ್ಳಲು ಮತ್ತೆ ಅಷ್ಟೇ ವರ್ಷ ಕಾಯಬೇಕು.