ಸಾಲಿ ಬಿಟ್ಟ ಮ್ಯಾಲೂ ಪಾಠ ಅದ

ಕುಸನೂರ: 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ. 42.43ರಷ್ಟು ಫಲಿತಾಂಶ ಪಡೆದು ರಾಜ್ಯಕ್ಕೇ ಕೊನೆಯಾಯಿತು. ಮಾಸ್ತರರನ್ನು ಬೈಯುವುದು ಸುಲಭ. ಹುದ್ದೆ ಖಾಲಿ ಬಿಟ್ಟ ಸರಕಾರವನ್ನೂ ಬೈಯಬೇಕಾದದ್ದೇ. ಆದರೆ ಈ ಸೋಲು ಹತ್ತನೇ ಇಯತ್ತೆಯಲ್ಲಿ ಹುಟ್ಟಿದ್ದಲ್ಲ. ಎರಡನೇ ಇಯತ್ತೆಯಲ್ಲಿ ಅಕ್ಷರ ಕೂಡಿಸಿ ಓದಲು ಬಾರದ ಕೂಸಿನ ಬೆನ್ನು ಹತ್ತಿ ಬಂದದ್ದು.

"ನಮಗೇ ಓದಾಕ ಬರಂಗಿಲ್ಲ, ಕೂಸಿಗಿ ಏನ್ ಹೇಳಿಕೊಡಬೇಕ್ರಿ?" ಎನ್ನುವ ಪಾಲಕರಿದ್ದಾರೆ. ಹೇಳಿಕೊಡುವುದು ಬೇಡ, ಕೇಳಿಸಿಕೊಂಡರೆ ಸಾಕು. ರೊಟ್ಟಿ ಬಡಿಯುತ್ತಲೇ ಅವ್ವ, "ಇವತ್ತಿನ ಪಾಠ ಓದು, ಕೇಳ್ತೀನಿ" ಅನ್ನಲಿ. ತೊಗರಿ ಕಾಳನ್ನು ಹತ್ತತ್ತು ಗುಂಪು ಮಾಡಿಸಿದರೆ ದಶಕ, ಬಿಡಿ ಎರಡೂ ತಲೆಗೆ ಹೋಗುತ್ತವೆ. ಅಂಗಡಿಯವರು ಮಗಳ ಕೈಲೇ ಚಿಲ್ಲರೆ ಎಣಿಸಲಿ. ಕಲಬುರಗಿಗೆ ಹೊರಟ ಅಪ್ಪ ಮಗನ ಕಡೆಯಿಂದ ಬಸ್ಸಿನ ಬೋರ್ಡು ಓದಿಸಲಿ. ಇದಕ್ಕೇನು ಟ್ಯೂಷನ್ ಫೀ ಇಲ್ಲ.

ಸಂಜೆ ಅರ್ಧ ಗಂಟೆಯಾದರೂ ಟಿ.ವಿ., ಮೊಬೈಲು ಬಂದ್ ಆಗಲಿ. ತೊಗರಿ ರಾಶಿ ಬಂತೆಂದು ಸಾಲಿ ಬಿಡಿಸುವುದೂ ನಿಲ್ಲಲಿ. ವಾರ ತಪ್ಪಿದ ಕೂಸು ಮುಂದಿನ ಪಾಠಕ್ಕೆ ಪರಕೀಯನಾಗುತ್ತದೆ.

ಮನೆಯವರು ಇಷ್ಟು ಮಾಡಿದರೆ, ಖಾಲಿ ಹುದ್ದೆ ಯಾವಾಗ ತುಂಬುತ್ತೀರಿ ಎಂದು ಸರಕಾರವನ್ನು ಕೇಳುವ ಬಾಯಿಗೂ ಬಲ ಬರುತ್ತದೆ.