ದೋಷ ಕೈಯದೋ, ಹಿಡಿಯದೋ?

ಅವಘಡ ಸಂಭವಿಸಿದೊಡನೆ ಹೊಣೆಗಾರನನ್ನು ಹುಡುಕುವುದು ಲೋಕರೂಢಿ. ಎರಡನೆಯ ಮಹಾಯುದ್ಧಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳ ಚಾಲಕರು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲಾಪುಗಳನ್ನು ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದರು. 'ಚಾಲಕನ ತಪ್ಪು' ಎಂಬ ಷರಾ ಸಿದ್ಧವಾಗಿರುತ್ತಿತ್ತು. 1943ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಚಾಲಕನನ್ನು ಬಿಟ್ಟು ಹಿಡಿಗಳನ್ನು ಪರೀಕ್ಷಿಸಿದರು. ಎರಡೂ ಒಂದೇ ಆಕಾರದವು, ಅಕ್ಕಪಕ್ಕದಲ್ಲಿದ್ದವು. ಒಂದರ ತುದಿಗೆ ಪುಟ್ಟ ಚಕ್ರ, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಜೋಡಿಸಿದ ಮೇಲೆ ಆ ಪ್ರಮಾದ ನಿಂತಿತು.

ಶಸ್ತ್ರಚಿಕಿತ್ಸಾ ಕೊಠಡಿಯೂ ಈ ವಿವೇಕವನ್ನು ಬಲ್ಲದು. ಅರಿವಳಿಕೆ ಯಂತ್ರಕ್ಕೆ ಜೋಡಿಸುವ ಸಣ್ಣ ಸಿಲಿಂಡರುಗಳ ಕವಾಟದಲ್ಲಿ ರಂಧ್ರಗಳು ಆಮ್ಲಜನಕಕ್ಕೆ 2 ಮತ್ತು 5ನೆಯ ಸ್ಥಾನದಲ್ಲಿ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5ನೆಯ ಸ್ಥಾನದಲ್ಲಿರುತ್ತವೆ. ನಿದ್ದೆಗೆಟ್ಟ ಸಿಬ್ಬಂದಿ ಒಂದರ ಬದಲು ಇನ್ನೊಂದನ್ನು ತಂದರೂ ಯಂತ್ರದ ಮೊಳೆಗಳು ಅದನ್ನು ಒಪ್ಪವು.

ಮನೆಯ ಔಷಧಿಗೆ ಮಾತ್ರ ಈ ದಯೆ ದೊರೆತಿಲ್ಲ. ಊರು ಬಿಟ್ಟು ಮಗನೊಡನೆ ಮಹಾನಗರಕ್ಕೆ ಬಂದ, ಕನ್ನಡವಷ್ಟೇ ಓದಬಲ್ಲ ವೃದ್ಧೆಯ ಕೈಗೆ ರಕ್ತದೊತ್ತಡದ ಗುಳಿಗೆಯೂ ಸಕ್ಕರೆ ಕಾಯಿಲೆಯ ಗುಳಿಗೆಯೂ ಹಲವೊಮ್ಮೆ ಒಂದೇ ಬಗೆಯ ಬೆಳ್ಳಿಹಾಳೆಯಲ್ಲಿ ಬರುತ್ತವೆ. ಅದಲುಬದಲಾದರೆ ಮನೆಯವರು ಆಕೆಯ ಮರೆವನ್ನು ದೂರುವರು, ಇದು ಅನ್ಯಾಯ. ತಯಾರಕರು ಎಚ್ಚರಗೊಳ್ಳುವವರೆಗೆ, ಬೆಳಗಿನದಕ್ಕೆ ದುಂಡು ಡಬ್ಬಿ, ರಾತ್ರಿಯದಕ್ಕೆ ಚೌಕ ಡಬ್ಬಿ ಒದಗಿಸುವುದು ಮಕ್ಕಳಿಗೆ ಅಸಾಧ್ಯವೇನಲ್ಲ.